ಹಣ್ಣುಹುಳದ ವಾರ

ವಿರೂಪಾಕ್ಷಿಪುರ
3-6-1996

ರೋಶನ್ ಬೀ ಅಕ್ಕನವರಿಗೆ ವೆಂಕಟಲಕ್ಷ್ಮಮ್ಮ ಮಾಡೋ ನಮಸ್ಕಾರ.

ನೆಪ್ಪೈತೋ ಇಲ್ವೋ. ಹೋದ ತಿಂಗ್ಳು ಬೆಂಗ್ಳೂರು ಆಸ್ಪತ್ರೇಲಿ ರಕ್ತ ತಗಳೋ ರೂಮಿನ ಮುಂದೆ ಒಂದೇ ಬೆಂಚಲ್ಲಿ ಕೂತಿದ್ವಿ. ನನ್ ಸೆರಗು ಜಾರ್ತು, ಎತ್ಕಳಕ್ಕೆ ತೋಳು ಏಳ್ನಿಲ್ಲ, ನೀವೇ ಎತ್ತಿ ಹೊದ್ಸಿದ್ರಿ. "ನಂಗೂ ಇದೇ ಕಣಮ್ಮ, ಎರಡು ವರ್ಷ ಆಯ್ತು" ಅಂದ್ರಿ. ವಿಳಾಸಾನೂ ಬರ್ಕೊಟ್ರಿ. ಕಾಯಿಲೆ ಹೆಸ್ರು ಪಾಲಿಮಯಾಲ್ಜಿಯಾ ಅಂತ ಡಾಕ್ಟ್ರಮ್ಮ ಚೀಟೀಲಿ ಬರ್ದವ್ರೆ. ನಮ್ಮೂರಲ್ಲಿ ಯಾರಿಗೂ ಬಾಯಲ್ಲಿ ಹೊರಳಲ್ಲ. ನಮ್ಮೆಜಮಾನ್ರು ಮರಿಯಪ್ಪ "ತೋಳು ಹಿಡ್ಕಂಡದೆ" ಅಂತಾರೆ, ಅಷ್ಟೆ.

ಅವತ್ತು ಕೊಟ್ಟ ಸ್ಟೀರಾಯ್ಡ್ ಮಾತ್ರೆ ದಿನಕ್ಕೆ ಮೂರು ನುಂಗ್ದೆ. ಮೂರನೇ ದಿನ ಬೆಳಿಗ್ಗೆ ಎದ್ದು ನನ್ ಜಡೆ ನಾನೇ ಹಾಕ್ಕಂಡೆ. ಆರು ತಿಂಗ್ಳಿಂದ ಸೊಸೆ ಚಿನ್ನಮ್ಮ ಹಾಕ್ತಿದ್ಲು. ಕನ್ನಡಿ ಮುಂದೆ ನಿಂತು ಅತ್ಬುಟ್ಟೆ ಅಕ್ಕ. ಈಗ ಎರಡೂವರೆಗೆ ಇಳಿಸು ಅಂತವ್ರೆ. ಆಮೇಲೆ ಎರಡು, ಆಮೇಲೆ ಒಂದೂವರೆ, ಹಿಂಗೇ ಒಂದು ವರ್ಷವೋ ಎರಡು ವರ್ಷವೋ ಇಳಿಸ್ಕಂಡು ಹೋಗ್ಬೇಕಂತೆ. ವಾಸಿ ಮಾಡಿರೋದನ್ನ ವಾಪಸ್ ಯಾಕೆ ಕಿತ್ಕಂತಾರೋ ನಂಗೆ ತಿಳೀದು.

ನಂದು ಹುಳಮನೆ. ಮದ್ವೆಯಾಗಿ ಬಂದ ವರ್ಷದಿಂದ ರೇಷ್ಮೆ ಹುಳ ಸಾಕ್ತಿದ್ದೀನಿ, ನಲವತ್ತು ವರ್ಷ ಆಯ್ತು. ತಟ್ಟೆ ಜೋಡಿಸೋ ಸ್ಟ್ಯಾಂಡು ಏಳು ಅಂತಸ್ತು, ಮೇಲಿಂದು ನನ್ ತಲೆಗಿಂತ ಒಂದು ಮೊಳ ಎತ್ರ. ತೋಳು ಏಳ್ದಿದ್ರೆ ಹುಳಮನೆ ಇಲ್ಲ. ಯಜಮಾನ್ರು ಈಗ್ಲೇ "ಉಪ್ಪುನೇರಳೆ ಕಿತ್ತಾಕಿ ತೆಂಗು ಇಕ್ಕಾನ, ನಿಂಗೂ ರೆಸ್ಟು" ಅಂತವ್ರೆ. ಕೆಟ್ಟದಕ್ಕೆ ಹೇಳಲ್ಲ ಅವ್ರು. ಆದ್ರೆ ಹುಳಮನೆ ಹೋದ್ರೆ ನಾನು ಮೂಲೇಲಿ ಕೂತು ಕಾಫಿ ಕಾಯೋ ಮುದ್ಕಿ. ಮಾತ್ರೆ ಇಳಿಸ್ದಾಗ ನಿಮ್ಗೆ ಏನಾಯ್ತು, ಒಸಿ ಬರೀರಿ.

ಇಂತಿ,
ವೆಂಕಟಲಕ್ಷ್ಮಮ್ಮ


ರಾಮನಗರ
14-6-1996

ತಂಗಿ ವೆಂಕಟಲಕ್ಷ್ಮಮ್ಮನಿಗೆ ರೋಶನ್ ಬೀ ಬರೆಯುವುದು.

ನೆನಪಿಲ್ಲದೆ ಏನು. ನಿನ್ನ ಸೆರಗು ಎತ್ತಿದ್ದಕ್ಕೆ ನನ್ನ ತೋಳು ಎರಡು ದಿನ ನೋಯ್ತು. ನಾನು ಕನ್ನಡ ಸ್ಕೂಲಲ್ಲಿ ಏಳನೇ ಕ್ಲಾಸ್ ಓದಿದವಳು, ಆಮೇಲೆ ಬರೆದದ್ದು ಕಡಿಮೆ. ತಪ್ಪಿದ್ದರೆ ನೀನೇ ತಿದ್ದಿಕೊಂಡು ಓದು.

ಮೊದಲು ಇದು ಕೇಳು. ಮಾತ್ರೆ ಮೇಲೆ ಆಸೆ ಇಟ್ಟುಕೊಳ್ಳಬೇಡ. ಮೊದಲ ತಿಂಗಳು ನಾನೂ ನಿನ್ನ ಹಾಗೇ ಕುಣಿದೆ. ಆಮೇಲೆ ಮುಖ ಊದಿ ಪೂರಿ ಆಯ್ತು, ನಿದ್ದೆ ಹೋಯ್ತು, ಬಳೆ ತಾಗಿದರೂ ಚರ್ಮ ನೀಲಿ ಆಗುತ್ತೆ, ಇಲ್ಲದಿದ್ದ ಸಕ್ಕರೆ ಕಾಯಿಲೆ ಬಂತು. ಅದಕ್ಕೇ ಇಳಿಸೋದು. ಆದರೆ ಥಟ್ಟನೆ ಇಳಿಸೋ ಹಾಗೂ ಇಲ್ಲ. ನಮ್ಮ ಮೈ ತನ್ನಷ್ಟಕ್ಕೇ ಇಂಥದೇ ಒಂದು ರಸ ಮಾಡಿಕೊಳ್ಳುತ್ತಂತೆ. ಹೊರಗಿಂದ ಮಾತ್ರೆ ಬಂದರೆ, ನನಗೇನು ಕೆಲಸ ಅಂತ ಅದು ಮಲಗಿಬಿಡುತ್ತೆ. ನಿಧಾನವಾಗಿ ಎಬ್ಬಿಸಬೇಕು. ಒಂದೇ ಸಲ ಮಾತ್ರೆ ನಿಂತರೆ ಮೈಯಲ್ಲಿ ಯಾರೂ ಇಲ್ಲದ ಹಾಗಾಗಿ ಮನುಷ್ಯ ಬಿದ್ದುಹೋಗ್ತಾನೆ.

ನೀವು ಗೂಡು ಬೆಳೆಯೋರು, ನಾವು ನೂಲು ಬಿಚ್ಚೋರು. ಬಿಸಿನೀರಲ್ಲಿ ಬೆಂದ ಗೂಡಿಂದ ಎಳೆ ಎಳೆಯುವಾಗ ಅವಸರ ಮಾಡಿದರೆ ಕಡಿಯುತ್ತೆ. ಈ ಮಾತ್ರೇನೂ ಹಾಗೇ. ಬೆಳಿಗ್ಗೆ ತಿಂಡಿ ತಿಂದು ನುಂಗು, ಖಾಲಿ ಹೊಟ್ಟೆಗೆ ಬೇಡ. ಇಳಿಸಿದಾಗ ಎಂಟು ಹತ್ತು ದಿನ ಮೈ ಬಿಗಿಯುತ್ತೆ, ಹಲ್ಲು ಕಚ್ಚಿ ಇರು. ತಡೆಯೋಕಾಗದಿದ್ದರೆ ಡಾಕ್ಟ್ರಮ್ಮನ ಹತ್ತಿರ ಹೋಗು, ನೀನೇ ಡಾಕ್ಟರ್ ಆಗಬೇಡ. ಸೊಸೆ ಇದ್ದಾಳೆ ಅಂತ ಬರೆದಿದ್ದೀಯ. ಮೇಲಿನ ಅಂತಸ್ತು ಅವಳಿಗೆ ಕೊಡು.

ನಾನು ಈಗ ದಿನಕ್ಕೆ ಒಂದಕ್ಕೆ ಬಂದಿದ್ದೀನಿ. ಎರಡು ರಂಜಾನ್ ನನಗೆ ರೋಜಾ ತಪ್ಪಿದೆ, ಉಪವಾಸ ಬೇಡ ಅಂದರು. ಮನೆಯವರೆಲ್ಲ ಉಪವಾಸ ಇರುವಾಗ ನಾನೊಬ್ಬಳು ಅಡುಗೆಮನೆಯಲ್ಲಿ ಬಾಗಿಲು ಮುಚ್ಚಿಕೊಂಡು ಬ್ರೆಡ್ ತಿಂದು ಮಾತ್ರೆ ನುಂಗ್ತಿದ್ದೆ. ಬರೋ ರಂಜಾನ್ ಜನವರೀಲಿ. ಅಷ್ಟರಲ್ಲಿ ಸೊನ್ನೆ ಆಗಬೇಕು. ಬೇರೆ ಆಸೆ ಏನೂ ಉಳಿದಿಲ್ಲ.

ನಿನ್ನ ಅಕ್ಕ,
ರೋಶನ್ ಬೀ


ವಿರೂಪಾಕ್ಷಿಪುರ
21-7-1996

ಅಕ್ಕನವರಿಗೆ ನಮಸ್ಕಾರ.

ಎರಡೂವರೆಗೆ ಇಳಿಸ್ದೆ. ನೀವಂದಂಗೇ ಹತ್ತು ದಿನ ಬೆಳಿಗ್ಗೆ ಹೊತ್ತು ಮಂಚದಿಂದ ಏಳಕ್ಕೆ ಗೋಡೆ ಹಿಡ್ಕಂಡೆ. ಆಮೇಲೆ ಒಸಿ ಸಡ್ಲ ಆಯ್ತು. ಆದ್ರೆ ಚಿನ್ನಮ್ಮಂಗೆ ಮೇಲಿನ ಅಂತಸ್ತು ಕೊಡು ಅಂದ್ರಲ್ಲ, ಅದಾಗಲ್ಲ. ಅವಳ ಕೈ ಬಿಸಿ. ಬಿಸಿ ಕೈ ತಾಗಿದ್ರೆ ಹುಳ ಕೆಡ್ತವೆ ಅಂತ ನಮ್ಮತ್ತೆ ಹೇಳೋರು. ಹುಳಮನೆ ಬೀಗದ ಕೈ ನನ್ ಸೊಂಟದಲ್ಲೇ ಐತೆ.

ಈ ಬೆಳೆ ಚೆನ್ನಾಗಾಯ್ತು. ನಿಮ್ಗೆ ಗೂಡು ಬತ್ತದೆ, ಹುಳ ಕಂಡಿರಾಕಿಲ್ಲ. ಹುಳ ಸೊಪ್ಪು ತಿಂದು ತಿಂದು ಕೊನೇಗೆ ಹಣ್ಣಾಯ್ತವೆ, ಮೈ ಹಳದಿಯಾಗಿ ಹೊಳೀತದೆ, ತಲೆ ಎತ್ತಿ ಗೂಡು ಕಟ್ಟಕ್ಕೆ ಜಾಗ ಹುಡುಕ್ತವೆ. ಆವಾಗ ಒಂದೊಂದೇ ಆಯ್ದು ಚಂದ್ರಂಕಿಗೆ, ಅದೇ ಬಿದಿರಿನ ಸುತ್ತು ಇರೋ ತಟ್ಟಿಗೆ, ಬುಡ್ಬೇಕು. ತಡ ಆದ್ರೆ ಸೊಪ್ಪಿನ ಮೇಲೇ ಕಟ್ಕಂಡು ಹಾಳಾಯ್ತವೆ. ಮೇಲೆ ಕೆಳಗೆ ಏಳು ಅಂತಸ್ತು, ಮೂರು ನಾಕು ದಿನ ತೋಳು ಇಳ್ಸಂಗಿಲ್ಲ.

ನಿಮ್ ತಾವ ಸುಳ್ಳ್ಯಾಕೆ. ಹಣ್ಣುಹುಳದ ವಾರ ದಿನಕ್ಕೆ ಐದು ನುಂಗ್ದೆ. ಇಪ್ಪತ್ತು ವರ್ಷದ ಹೆಂಗ್ಸಿನಂಗೆ ತೋಳು ಆಡ್ತು. ಗೂಡು ಮಾರ್ಕೆಟ್ಟಿಗೆ ಹೋದ ಮೇಲೆ ದಿನಕ್ಕೆ ಒಂದೊಂದೇ ನುಂಗಿ ಸರಿ ಮಾಡ್ದೆ. ಡಾಕ್ಟ್ರಮ್ಮ ಎಣಿಸಿದ್ರೂ ತಾಳೆ ಆಯ್ತದೆ. ನಮ್ ಬೆಳೆಗೂ ತಿಂಗ್ಳು, ಮಾತ್ರೆ ಚೀಟಿಗೂ ತಿಂಗ್ಳು, ಎರಡಕ್ಕೂ ಹೊಂದ್ಕಂಡದೆ ನೋಡಿ.

ಇಂತಿ,
ವೆಂಕಟಲಕ್ಷ್ಮಮ್ಮ


ರಾಮನಗರ
30-7-1996

ವೆಂಕಟಲಕ್ಷ್ಮಮ್ಮ,

ನಿನ್ನ ಕಾಗದ ಓದಿ ಎರಡು ದಿನ ಮಡಿಸಿಟ್ಟೆ, ಕೋಪ ಇಳಿಯಲಿ ಅಂತ. ಇಳಿಯಲಿಲ್ಲ.

ಹುಳ ನೋಡಿಕೊಂಡು ಮಾತ್ರೆ ನುಂಗು ಅಂತ ನಿನಗೆ ಯಾರು ಹೇಳಿದ್ದು? ಐದಕ್ಕೆ ಏರಿಸಿ ಒಂದಕ್ಕೆ ಇಳಿಸೋದು ಅಂದರೆ ಅಟ್ಟ ಹತ್ತಿಸಿ ಏಣಿ ತೆಗೆದ ಹಾಗೆ. ಮಾತ್ರೆ ಎಣಿಕೆ ತಾಳೆ ಆದರೆ ಸಾಕೇ, ಮೈ ತಾಳೆ ಆಗಬೇಡವೇ? ಒಂದು ದಿನ ನೀನು ಬೀಳ್ತೀಯ. ಆಗ ನಿನ್ನ ಬೀಗದ ಕೈ ಸೊಂಟದಲ್ಲೇ ಇರುತ್ತೆ, ಹುಳ ಒಳಗೇ ಇರುತ್ತೆ, ಬಾಗಿಲು ತೆಗೆಯೋರು ಇರಲ್ಲ.

ಸೊಸೆ ಕೈ ಬಿಸಿ ಅಂತೆ. ನಿನಗೆ ಹುಳದ ಚಿಂತೆ ಅಲ್ಲ ತಂಗಿ, ಬೀಗದ ಕೈ ಚಿಂತೆ. ನಾನೂ ಅತ್ತೆ ಆಗಿದ್ದೀನಿ, ನನಗೆ ಗೊತ್ತು.

ಇನ್ನೊಂದು ಸಲ ಹಾಗೆ ಮಾಡಿದರೆ ನನಗೆ ಬರೆಯಬೇಡ.

ರೋಶನ್ ಬೀ


ವಿರೂಪಾಕ್ಷಿಪುರ
9-10-1996

ಅಕ್ಕನವರಿಗೆ,

ಎರಡು ತಿಂಗ್ಳ ಮೇಲಾಯ್ತು. ಬರೀಬೇಡ ಅಂದ್ರಲ್ಲ, ನಂಗೂ ರೋಷ ಬಂತು, ಬರೀಲಿಲ್ಲ. ಈಗ ರೋಷ ಮಾಡೋ ಶಕ್ತೀನೂ ಇಲ್ಲ.

ಗೌರಿ ಹಬ್ಬದ ಮುಂದಿನ ಬೆಳೇಲೂ ಐದು ನುಂಗ್ದೆ. ಚೀಟಿ ಮಾತ್ರೆ ಬೇಗ ಖಾಲಿ ಆಯ್ತು. ಚನ್ನಪಟ್ಟಣದ ಮೆಡಿಕಲ್ ಸ್ಟೋರಿನೋರು ಹೊಸ ಚೀಟಿ ತಾ ಅಂದ್ರು. ಹೆಂಗೂ ಗೂಡು ಹೋಯ್ತು, ತೋಳಿಗೆ ಕೆಲ್ಸ ಇಲ್ಲ ಅಂತ ಮೂರು ದಿನ ಬುಟ್ಟೆ. ನಾಕನೇ ದಿನ ಬೆಳಿಗ್ಗೆ ಉಪ್ಪುನೇರಳೆ ತ್ವಾಟದಲ್ಲಿ ವಾಂತಿ ಆಯ್ತು, ಕಣ್ಣು ಕತ್ಲೆ ಕಟ್ತು, ಬಿದ್ದೋದೆ. ಎಷ್ಟೊತ್ತು ಬಿದ್ದಿದ್ನೋ ತಿಳೀದು. ಚಿನ್ನಮ್ಮ ಹುಡಿಕ್ಕಂಡು ಬಂದು ನೋಡಿದ್ಲಂತೆ. ಚನ್ನಪಟ್ಟಣದ ಆಸ್ಪತ್ರೇಲಿ ಗ್ಲೂಕೋಸು ಹಾಕಿ, ಅದೇ ಔಷಧೀನ ಇಂಜೆಕ್ಷನ್ ಮಾಡಿ ಉಳಿಸ್ದ್ರು. "ಈ ಮಾತ್ರೆ ನುಂಗೋರು ಒಂದು ದಿನಾನೂ ಬುಡಬಾರ್ದಮ್ಮ" ಅಂತ ನರ್ಸಮ್ಮ ಮಗೂನ ಗದರ್ದಂಗೆ ಗದರಿದ್ಲು. ಐದು ನುಂಗ್ತಿದ್ದೆ ಅಂತ ಯಾರಿಗೂ ಹೇಳ್ನಿಲ್ಲ. ಈಗ ತಿರ್ಗಾ ಮೂರಕ್ಕೆ ಬಂದಿದ್ದೀನಿ.

ಸೋತೆ ಅಂತ ಬರೀತಿಲ್ಲ. ನವೆಂಬರ್ ಕೊನೇಲಿ ಒಂದು ಬೆಳೆ ಬತ್ತದೆ, ನೂರು ಮೊಟ್ಟೆ ಚಾಕಿ, ಅದೇ ಎಳೇ ಹುಳ, ಹೇಳಾಗೈತೆ. ಯಜಮಾನ್ರು "ಇದೊಂದು ನೋಡ್ತೀನಿ, ನೀನು ಹಿಂಗೇ ಬಿದ್ರೆ ಟ್ರ್ಯಾಕ್ಟರ್ ತಂದು ತ್ವಾಟ ಕೀಳಿಸ್ತೀನಿ" ಅಂದವ್ರೆ. ಅವ್ರ ಕಣ್ಣಲ್ಲಿ ನೀರಿತ್ತು, ಬೈಯಕ್ಕೂ ಆಗ್ನಿಲ್ಲ. ಈ ಬೆಳೆ ಗೆದ್ರೆ ನನ್ ಹುಳಮನೆ ಉಳೀತದೆ. ಹಣ್ಣುಹುಳದ ವಾರಕ್ಕೆ ನಿಮ್ ತಾವ ಮಿಕ್ಕಿರೋ ಮಾತ್ರೆ ಇದ್ರೆ ಒಸಿ ಕೊಡಿ ಅಕ್ಕ. ಬೇರೆ ಯಾರ್ನ ಕೇಳ್ಲಿ.

ಇಂತಿ,
ವೆಂಕಟಲಕ್ಷ್ಮಮ್ಮ


ರಾಮನಗರ
20-10-1996

ತಂಗಿಗೆ,

ಬದುಕಿದ್ದೀಯಲ್ಲ, ಅಷ್ಟು ಸಾಕು. ಬೀಳ್ತೀಯ ಅಂತ ಬರೆದಿದ್ದೆ. ನನ್ನ ಮಾತು ನಿಜ ಆಯ್ತು ಅಂತ ಸಂತೋಷ ಏನೂ ಆಗಲಿಲ್ಲ.

ಮಾತ್ರೆ ಕೊಡಲ್ಲ. ನಾನು ಅರ್ಧಕ್ಕೆ ಬಂದಿದ್ದೀನಿ. ಸಂಕ್ರಾಂತಿವರೆಗೂ ಅರ್ಧ ಮಾತ್ರೆ ಬಿಡಬೇಡಿ ಅಂದಿದ್ದಾರೆ. ಅಷ್ಟರಲ್ಲಿ ರಂಜಾನ್ ಶುರು ಆಗಿರುತ್ತೆ. ನೋಡೋಣ.

ನನಗೂ ಸುಸ್ತು ಕಣಮ್ಮ. ಬೆಳಿಗ್ಗೆ ಎದ್ದ ಕೂಡಲೇ ಇವತ್ತು ಎಷ್ಟು ನುಂಗಬೇಕು, ಎಲ್ಲೆಲ್ಲಿ ನೋಯ್ತಿದೆ ಅಂತ ಮೈಯನ್ನೇ ಕೇಳಿಕೊಂಡು ಕೂರೋದು ಯಾವ ಬಾಳು. ಮಗ ಮಕ್ಬೂಲ್ "ಅಮ್ಮಿ, ಹೇಗಿದ್ದೀಯ" ಅಂದರೆ, ಅವನಿಗೂ ಕೇಳಿ ಸಾಕಾಗಿದೆ, ನನಗೂ ಹೇಳಿ ಸಾಕಾಗಿದೆ. ಇದರ ಮಧ್ಯೆ ಒಂದು ವಾರದಿಂದ ಹಲ್ಲುನೋವು ಬೇರೆ. ರೊಟ್ಟಿ ಅಗಿಯುವಾಗ ದವಡೆ ಸೋಲುತ್ತೆ.

ಡಾಕ್ಟ್ರಮ್ಮನಿಗೆ ನಿಜ ಹೇಳು. ಇಷ್ಟೇ ನಾನು ಕೇಳೋದು.

ರೋಶನ್ ಬೀ


ರಾಮನಗರ
18-11-1996

ತಂಗಿಗೆ,

ನಿಮ್ಮ ಮರಿಯಪ್ಪನವರು ಇವತ್ತು ಗೂಡಿನ ಮಾರ್ಕೆಟ್ಟಿಗೆ ಯಾರದೋ ಜೊತೆ ಬಂದಿದ್ದರು, ನಮ್ಮ ಮನೆಗೂ ಬಂದರು. ಟೀ ಕುಡಿದರು. "ಅವಳಿಗೆ ಹುಳಮನೆ ಬಿಟ್ಟರೆ ಜೀವ ಇಲ್ಲ, ಇದ್ದರೂ ಜೀವ ಇಲ್ಲ, ನಾನೇನು ಮಾಡಲಿ ಅಮ್ಮ" ಅಂದರು. ಅವರ ಕೈಯಲ್ಲಿ ಈ ಚೀಟಿ ಮತ್ತೆ ಒಂದು ತಗಡಿನ ಡಬ್ಬಿ ಕಳಿಸಿದ್ದೀನಿ. ಅದರಲ್ಲಿ ನಲವತ್ತೊಂದು ಮಾತ್ರೆ ಇದೆ.

ನಾನು ನಿಲ್ಲಿಸಿಬಿಟ್ಟೆ. ಇವತ್ತಿಗೆ ಎಂಟು ದಿನ. ಅರ್ಧ ಮಾತ್ರೆ ಏನು ಮಹಾ, ಗುಬ್ಬಿ ನುಂಗುವಷ್ಟು. ತೋಳು ಆಡುತ್ತಿದೆ. ಹಲ್ಲುನೋವು ಇದೆ, ತಲೆ ಬಾಚಿದರೆ ಎಡಗಡೆ ಹಣೆಯ ಪಕ್ಕ ಮುಟ್ಟೋಕಾಗಲ್ಲ, ಅದು ಬೇರೆ ವಿಷಯ. ಈ ಸಲ ರೋಜಾ ಇಡ್ತೀನಿ.

ಡಬ್ಬಿ ಕೊಟ್ಟೆ ಅಂತ ಐದೈದು ನುಂಗಬೇಡ. ಕೈಗೆ ಮಾತ್ರೆ ಇಲ್ಲದ ದಿನ ಬರದಿರಲಿ ಅಂತ ಕೊಟ್ಟಿದ್ದು.

ರೋಶನ್ ಬೀ


ವಿರೂಪಾಕ್ಷಿಪುರ
5-12-1996

ಅಕ್ಕನವರಿಗೆ ಸಾವಿರ ನಮಸ್ಕಾರ.

ಬೆಳೆ ಗೆದ್ದೆ. ಗೂಡು ಕಲ್ಲಿನಂಗೆ ಗಟ್ಟಿ ಬಂದೈತೆ, ಮಾರ್ಕೆಟ್ಟಲ್ಲಿ ನೂಲು ಬಿಚ್ಚೋ ರೀಲರ್‌ಗಳು ಕೈಗೆ ತಗಂಡು ತಗಂಡು ಅಲ್ಲಾಡ್ಸಿ ನೋಡಿದ್ರಂತೆ. ಯಜಮಾನ್ರು ಟ್ರ್ಯಾಕ್ಟರ್ ಮಾತು ಎತ್ನಿಲ್ಲ.

ಐದು ಬೇಡ ಅಂದ್ರಿ, ನಾಕು ನುಂಗ್ದೆ. ಬೈಯ್ಕಳಿ. ನಿಮ್ ಡಬ್ಬಿ ದೇವ್ರ ಗೂಡಲ್ಲಿ ಇಕ್ಕಿದ್ದೀನಿ. ನೀವು ಸೊನ್ನೆಗೆ ಬಂದ್ರಲ್ಲ, ನನ್ ಕಣ್ಣಿಗೆ ನೀವು ಬೆಟ್ಟ ಹತ್ತಿ ಇಳಿದೋರು. ನಾನು ಯಾವತ್ತಿಗೋ.

ಹಲ್ಲುನೋವಿಗೆ ಲವಂಗ ಕಚ್ಕಳಿ. ಹಣೆ ನೋವಿಗೆ ಶುಂಠಿ ತೇದು ಪಟ್ಟು ಹಾಕಿ, ಶೀತಕ್ಕೆ ಹಂಗೆ ಆಯ್ತದೆ.

ಇಂತಿ ನಿಮ್ಮ,
ವೆಂಕಟಲಕ್ಷ್ಮಮ್ಮ


ವಿರೂಪಾಕ್ಷಿಪುರ
6-1-1997

ಅಕ್ಕನವರಿಗೆ,

ಕಾಗ್ದ ತಲುಪ್ತೋ ಇಲ್ವೋ. ತಿಂಗ್ಳಾಯ್ತು. ನಾಕು ನುಂಗ್ದೆ ಅಂತ ಕೋಪ ಮಾಡ್ಕಂಡಿದ್ರೆ ಒಂದು ಕಾರ್ಡಲ್ಲಿ ಬೈದು ಹಾಕಿ. ನಿಮ್ ರೋಜಾ ಇನ್ನೇನು ಶುರು ಅಂತ ಚಿನ್ನಮ್ಮ ಕ್ಯಾಲೆಂಡರ್ ನೋಡಿ ಅಂದ್ಲು. ನಿಮ್ ಆಸೆ ನಡೀಲಿ.

ವೆಂಕಟಲಕ್ಷ್ಮಮ್ಮ


ವಿರೂಪಾಕ್ಷಿಪುರ
27-1-1997

ಅಕ್ಕ,

ಯಜಮಾನ್ರು ನೆನ್ನೆ ರಾಮನಗರದಿಂದ ಬಂದ್ರು. ಬಂದೋರು ಚಪ್ಪಲಿ ಬುಡದೆ ಜಗ್ಲೀಲಿ ಕೂತ್ಬುಟ್ರು. ಮಾರ್ಕೆಟ್ಟಲ್ಲಿ ನಿಮ್ ಮಕ್ಬೂಲ್ ಸಿಕ್ಕಿದ್ನಂತೆ. ನಿಮ್ ಎಡಗಣ್ಣು ಹೋಗೈತಂತೆ. ಡಿಸೆಂಬರಲ್ಲೇ ಹೋಯ್ತಂತೆ. ಈ ಕಾಯಿಲೆ ಜೊತೆಗೇ ಬರೋ ಇನ್ನೊಂದಂತೆ, ಹಣೆ ಪಕ್ಕದ ರಕ್ತನಾಳ ಊದ್ಕಂತದಂತೆ, ದವಡೆ ನೋಯ್ತದಂತೆ, ತಲೆ ಮುಟ್ಟಕ್ಕಾಗಲ್ವಂತೆ, ಆವಾಗ್ಲೇ ಓಡಿ ಬಂದು ಮಾತ್ರೆ ಹೆಚ್ಚಿಸಿದ್ರೆ ಕಣ್ಣು ಉಳೀತಿತ್ತು ಅಂತ ಡಾಕ್ಟ್ರಮ್ಮ ಅಂದ್ರಂತೆ. ಮನೇಲಿ ಮಾತ್ರೆ ಹುಡ್ಕಿದ್ರೆ ಒಂದೂ ಇರ್ನಿಲ್ವಂತೆ. "ಅಮ್ಮಿ ಎಲ್ಲಿ ಬಿಸಾಕಿದ್ಲೋ ಹೇಳ್ತಾ ಇಲ್ಲ" ಅಂತ ಮಕ್ಬೂಲ್ ಅಂದ್ನಂತೆ. ಯಜಮಾನ್ರು ಬಾಯಿ ಬುಡ್ನಿಲ್ಲ. ಡಬ್ಬಿ ಹೊತ್ಕಂಡು ಬಂದ ಕೈ ಅವ್ರದ್ದು.

ನೀವು ಬರ್ದಿದ್ರಿ. ಎರಡು ಸತಿ ಬರ್ದಿದ್ರಿ. ದವಡೆ ಅಂತ ಬರ್ದ್ರಿ, ಹಣೆ ಅಂತ ಬರ್ದ್ರಿ. ನಾನು ಲವಂಗ ಕಚ್ಕಳಿ ಅಂದೆ. ನನ್ ಬೆಳೆ ಗೆದ್ದ ಕುಶೀಲಿ ಮೂರು ಸಾಲಲ್ಲಿ ಶುಂಠಿ ಪಟ್ಟು ಹೇಳಿ ಮುಗಿಸ್ದೆ.

ನಿಮ್ ಕಣ್ಣು ನಾನು ತಿಂದೆ ಅಕ್ಕ. ದಿನಕ್ಕೆ ನಾಕರಂಗೆ ತಿಂದೆ, ತಿಂದು ಹುಳ ಆಯ್ದೆ. ಗೂಡು ಗಟ್ಟಿ ಬಂತು ಅಂತ ನಿಮ್ಗೇ ಬರ್ದು ಕಳಿಸ್ದೆ.

ನಿಮ್ ಮುಂದೆ ಬಂದು ನಿಂತ್ಕಳಕ್ಕೆ ಧೈರ್ಯ ಇಲ್ಲ. ಬೈದು ಬರೀರಿ. ಬರೀದಿದ್ರೂ ಸರಿ.

ವೆಂಕಟಲಕ್ಷ್ಮಿ


ರಾಮನಗರ
14-2-1997

ತಂಗಿಗೆ,

ಅಕ್ಷರ ದೊಡ್ಡದಾಗಿ ಬರೀತಿದ್ದೀನಿ, ಸಾಲು ಓರೆ ಹೋಗಿದ್ದರೆ ಹಾಗೇ ಓದಿಕೊ. ಒಂದೇ ಕಣ್ಣಲ್ಲಿ ಕಾಗದದ ಅಂಚು ಎಲ್ಲಿ ಮುಗಿಯುತ್ತೆ ಅಂತ ಗೊತ್ತಾಗಲ್ಲ. ಟೀ ಲೋಟ ಇಲ್ಲಿದೆ ಅಂತ ಕೈ ಚಾಚಿದರೆ ಅದು ಒಂದು ಗೇಣು ಆಚೆ ಇರುತ್ತೆ.

ಡಿಸೆಂಬರ್ ಹನ್ನೊಂದು. ಬೆಳಿಗ್ಗೆ ನಮಾಜಿಗೆ ಮುಂಚೆ ಮುಖ ತೊಳೆದೆ. ಎಡಗಣ್ಣಲ್ಲಿ ನೀರು ನಿಂತಿದೆ ಅಂತ ಒರೆಸಿದೆ. ಒರೆಸಿದೆ, ಒರೆಸಿದೆ, ಹೋಗಲಿಲ್ಲ. ಸೊಸೆ ಮಜೀದಾ ಬಂದು "ಅಮ್ಮಿ, ಕಣ್ಣು ಒಣಗೇ ಇದೆಯಲ್ಲ" ಅಂದಳು. ಆಗ ಗೊತ್ತಾಯ್ತು.

ನಿನ್ನ ಕಾಗದ ಮಜೀದಾ ಕೈಯಲ್ಲಿ ಓದಿಸಲಿಲ್ಲ. ನಾನೇ ಎರಡು ದಿನ ಹಿಡಿದು ಓದಿದೆ. ಈಗ ನಾನು ಹೇಳೋದು ನೀನು ನಂಬಬೇಕು. ಡಾಕ್ಟ್ರಮ್ಮನ್ನ ಕೇಳಿದೆ, ಅರ್ಧ ಮಾತ್ರೆ ನುಂಗುತ್ತಾ ಇದ್ದಿದ್ದರೆ ಕಣ್ಣು ಉಳೀತಿತ್ತೇ ಅಂತ. "ಹೇಳೋಕಾಗಲ್ಲ, ಅರ್ಧ ಮಾತ್ರೆ ಇದಕ್ಕೆ ಸಾಲಲ್ಲ. ದವಡೆ ನೋವು ಬಂದ ದಿನವೇ ನೀವು ಬರಬೇಕಿತ್ತು" ಅಂದರು. ಯಾಕೆ ಬರಲಿಲ್ಲ ಅಂತ ಕೇಳಲಿಲ್ಲ. ಬಂದರೆ ಮಾತ್ರೆ ಹೆಚ್ಚಿಸ್ತಾರೆ ಅಂತ ನನಗೆ ಗೊತ್ತಿತ್ತು. ಹಲ್ಲು ಅಂತ ನನಗೆ ನಾನೇ ಹೇಳಿಕೊಂಡೆ. ಮೇಲಿನ ಸಾಲಲ್ಲಿ ನನಗೆ ಹಲ್ಲೇ ಇಲ್ಲ ತಂಗಿ, ಕಟ್ಟಿಸಿದ ಹಲ್ಲು.

ಡಬ್ಬಿ ನಾನು ಪುಣ್ಯಕ್ಕೆ ಕೊಟ್ಟಿದ್ದಲ್ಲ. ಅದು ಮನೆಯಲ್ಲಿ ಇರುವವರೆಗೂ ನಾನು ರೋಗಿ. ಅದು ಆಚೆ ಹೋಗಬೇಕಿತ್ತು. ನೀನು ಕೇಳಿದೆ, ನಿನ್ನ ಹೆಸರಲ್ಲಿ ಆಚೆ ಹಾಕಿದೆ. ನೀನು ತಿಂದಿದ್ದು ನನಗೆ ಬೇಡವಾದದ್ದನ್ನು. ನಿನಗೆ ಅದು ವಿಷ ಅಂತ ಗೊತ್ತಿದ್ದೂ ಕೊಟ್ಟೆ. ಹಾಗಾಗಿ ಕ್ಷಮೆ ಕೇಳಬೇಕಾದವಳು ನಾನೂ ಹೌದು. ಇಬ್ಬರೂ ಕೇಳಿದ ಹಾಗೆ ಆಯ್ತು ಅಂತ ಇಟ್ಟುಕೋ. ನನಗೆ ಇನ್ನು ಅದನ್ನು ಮಾತಾಡೋ ತ್ರಾಣ ಇಲ್ಲ.

ಇನ್ನೊಂದು ಕಣ್ಣು ಉಳಿಸೋಕೆ ದಿನಕ್ಕೆ ಹನ್ನೆರಡು ಮಾತ್ರೆ ಕೊಟ್ಟರು. ಈಗ ಎಂಟಕ್ಕೆ ಬಂದಿದೆ. ರಂಜಾನ್ ಹೋಯ್ತು. ಈ ಸಲವೂ ಬಾಗಿಲು ಮುಚ್ಚಿಕೊಂಡು ಬ್ರೆಡ್ ತಿಂದೆ. ಎಲ್ಲ ಮೊದಲಿಂದ. ಒಂದಕ್ಕೆ ಇಳಿಯೋಕೇ ಎರಡು ವರ್ಷ ಹಿಡೀತು, ಎಂಟರಿಂದ ಇಳಿಯೋ ಅಷ್ಟು ಆಯುಸ್ಸು ಇದೆಯೋ ಇಲ್ಲವೋ. ನಿನಗೆ ಬುದ್ಧಿ ಹೇಳ್ತಿದ್ದ ಅಕ್ಕ ಈಗ ನಿನ್ನ ಹಿಂದೆ ಇದ್ದಾಳೆ. ನೀನು ಎಷ್ಟಕ್ಕೆ ಬಂದೆ ಬರಿ. ನಿಜ ಬರಿ.

ನಿನ್ನ ಅಕ್ಕ,
ರೋಶನ್ ಬೀ


ವಿರೂಪಾಕ್ಷಿಪುರ
10-4-1997

ಅಕ್ಕನಿಗೆ,

ನಿಮ್ಗೆ ಓದಕ್ಕೆ ಆಗ್ಲಿ ಅಂತ ಸ್ಕೆಚ್ ಪೆನ್ನಲ್ಲಿ ಬರೀತಿದ್ದೀನಿ. ಒಂದು ಹಾಳೇಲಿ ಎಂಟೇ ಸಾಲು ಹಿಡೀತದೆ, ಹಾಳೆ ಜಾಸ್ತಿ ಆಯ್ತು, ಬೇಜಾರು ಮಾಡ್ಕಬೇಡಿ.

ಕಾಗ್ದ ಬಂದ ವಾರ ಚಿನ್ನಮ್ಮನ್ನ ಜೊತೇಲಿ ಕರ್ಕಂಡು ಬೆಂಗ್ಳೂರಿಗೆ ಹೋದೆ. ನಿಮ್ ಡಬ್ಬಿ ಡಾಕ್ಟ್ರಮ್ಮನ ಮೇಜಿನ ಮೇಲಿಕ್ಕಿ ಎಲ್ಲಾನೂ ಹೇಳ್ಬುಟ್ಟೆ. ಐದು, ನಾಕು, ಒಂದು, ಮೂರು ದಿನ ಇಲ್ಲ, ಎಲ್ಲಾ. ಡಬ್ಬಿ ಎಲ್ಲಿಂದ ಬಂತು ಅಂತ ಮಾತ್ರ ಹೇಳ್ನಿಲ್ಲ. ಅವ್ರೂ ಕೇಳ್ನಿಲ್ಲ, ಡಬ್ಬಿ ತಿರುಗಿಸಿ ನೋಡಿ ಮಿಕ್ಕಿದ್ದ ಮಾತ್ರೆ ತೆಗೆದಿಟ್ಕಂಡ್ರು. ಆಮೇಲೆ ಒಂದು ಕಾರ್ಡಲ್ಲಿ ಕನ್ನಡದಲ್ಲೇ ಬರ್ಕೊಟ್ರು. ಒಂದು ದಿನಾನೂ ಬುಡಬಾರ್ದು. ಜ್ವರ ವಾಂತಿ ಬಂದ್ರೆ ನಿಲ್ಲಿಸ್ಬಾರ್ದು, ಆಸ್ಪತ್ರೆಗೆ ಬರ್ಬೇಕು. ತಲೆ, ದವಡೆ, ಕಣ್ಣು, ಯಾವುದು ಕೆಟ್ರೂ ಅವತ್ತೇ ಬರ್ಬೇಕು. ಕಾರ್ಡು ಚಿನ್ನಮ್ಮ ಓದಿದ್ಲು, ಈಗ ಅವಳ ಬ್ಯಾಗಲ್ಲೇ ಐತೆ.

ಬರೋವಾಗ ಬಸ್ಸಲ್ಲಿ ಹುಳಮನೆ ಬೀಗದ ಕೈ ಬಿಚ್ಚಿ ಅವಳ ಕೈಗೆ ಕೊಟ್ಟೆ. ಅವಳು ಸೆರಗಿಗೆ ಗಂಟಾಕ್ಕಂಡ್ಲು. ಈ ಸತಿ ಐವತ್ತೇ ಮೊಟ್ಟೆ ಚಾಕಿ ಹೇಳ್ದೆ. ಯಜಮಾನ್ರು ಸ್ಟ್ಯಾಂಡಿನ ಮೇಲಿನ ಮೂರು ಅಂತಸ್ತು ಬಿಚ್ಚಿ ಕೊಟ್ಟಿಗೆಗೆ ಹಾಕವ್ರೆ. ಹೋದ ವಾರ ಹಣ್ಣುಹುಳ ಬಂತು. ನಾನು ಕುರ್ಚಿ ಹಾಕ್ಕಂಡು ಕೆಳಗಿನ ತಟ್ಟೆ ಆಯ್ದೆ, ಮೇಲಿಂದು ಚಿನ್ನಮ್ಮ ಆಯ್ದ್ಲು. ಒಂದು ಹುಳ ನನ್ ಅಂಗೈಗೆ ಹಾಕೋವಾಗ ಅವಳ ಬೆರಳು ತಾಗ್ತು. ತಣ್ಣಗಿತ್ತು ಅಕ್ಕ. ಯಾವತ್ತೂ ಬಿಸಿ ಇದ್ದಿರಾಕಿಲ್ಲ.

ಆ ವಾರ ದಿನಕ್ಕೆ ಎರಡೂವರೆ ನುಂಗ್ದೆ. ಎರಡೂವರೆ ಮಾತ್ರ. ತೋಳು ನೋಯ್ತು, ನೋಯ್ಲಿ ಅಂದೆ. ಇವತ್ತಿಂದ ಎರಡು.

ಈ ಕಾಗ್ದದ ಜೊತೆ ನಿಮ್ ಡಬ್ಬೀನೂ ಇವತ್ತೇ ಯಜಮಾನ್ರ ಕೈಲಿ ವಾಪಸ್ ಕಳಿಸ್ತಿದ್ದೀನಿ, ಖಾಲಿ. ನಿಮ್ ಮಾತ್ರೆ ಅದರಲ್ಲಿ ಇಕ್ಕಳಿ, ಯಾರಿಗೂ ಕೊಡಬೇಡಿ, ನಂಗಂತೂ ಕೊಡಬೇಡಿ. ಡಾಕ್ಟ್ರಮ್ಮ ಒಪ್ಪಿದ್ರೆ ನೀವು ಎರಡಕ್ಕೆ ಬರೋಗಂಟ ನಾನು ಎರಡರಲ್ಲೇ ಕಾಯ್ತಿದ್ದೆ. ಅವ್ರು ಒಪ್ಪಲ್ಲ. ಅದಕ್ಕೆ ನಾನು ನಿಧಾನಕ್ಕೆ ಮುಂದೆ ಹೋಯ್ತಿರ್ತೀನಿ. ಇಳಿಯೋ ದಾರೀಲಿ ಎಲ್ಲೆಲ್ಲಿ ಕಲ್ಲೈತೆ ಅಂತ ನಿಮ್ಗೆ ಬರೀತೀನಿ, ನೋಡ್ಕಂಡು ಕಾಲಿಕ್ಕಿ.

ಬಾಗಿಲು ಮುಚ್ಕಂಡು ತಿನ್ನಬೇಡಿ ಅಕ್ಕ. ನಾಳೆ ಬೆಳಿಗ್ಗೆ ಎಂಟು ಗಂಟೆಗೆ ರೊಟ್ಟಿ ತಿಂದು ನಾನು ಎರಡು ನುಂಗ್ತೀನಿ. ಅದೇ ಹೊತ್ಗೆ ನೀವೂ ತಿಂಡಿ ತಿಂದು ನಿಮ್ಮದು ನುಂಗಿ. ಒಟ್ಟಿಗೆ ಕೂತಂಗಾಯ್ತದೆ.

ನಿಮ್ಮ ತಂಗಿ,
ವೆಂಕಟಲಕ್ಷ್ಮಿ